ರಾಕೆಟ್ಟಿಗೆಂದು ಹುಟ್ಟಿದ್ದು, ಕುಲುಮೆಯಲ್ಲಿ ನೆಲೆ ನಿಂತದ್ದು

ತಿರುಗುವ ಶಾಫ್ಟು ಗೋಡೆ ದಾಟಿ ಒಳಹೋಗುವ ಜಾಗವೇ ಯಂತ್ರದ ಮರ್ಮಸ್ಥಾನ. ತೋಟದ ಪಂಪ್‌ಸೆಟ್ಟಿನಲ್ಲಿ ಗ್ಲ್ಯಾಂಡ್ ಸೋರಿದರೆ ಪ್ಯಾಕಿಂಗ್ ಹಗ್ಗ ಸುತ್ತಿ ಬಿಗಿ ಮಾಡುತ್ತಾರೆ. ನಾಲ್ಕು ಹನಿ ನೀರು ಹೋದರೂ ಬಾಧಕವಿಲ್ಲ. ಆದರೆ ಒಳಗಿರುವುದು ನಿರ್ವಾತವಾಗಿದ್ದರೆ, ವಿಷಾನಿಲವಾಗಿದ್ದರೆ, ಕರಗಿದ ಸಿಲಿಕಾನ್ ಆಗಿದ್ದರೆ? ರಬ್ಬರ್ ಸೀಲು ಶಾಫ್ಟಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಸವೆದ ಪುಡಿ ಒಳಗೆ ಉದುರುತ್ತದೆ, ಹೊರಗಿನ ಗಾಳಿ ನುಸುಳುತ್ತದೆ. ಬಿಗಿ ಮಾಡಿದಷ್ಟೂ ಸವೆತ ಹೆಚ್ಚು. ಈ ತೊಡಕಿಗೆ ಸಿಕ್ಕ ಪರಿಹಾರಗಳಲ್ಲಿ ನನಗೆ ಅತ್ಯಂತ ಚೆಲುವಾಗಿ ಕಾಣುವುದು ಫೆರೋಫ್ಲೂಯಿಡ್ ಸೀಲ್. ಅಲ್ಲಿ ಸಂದನ್ನು ಮುಚ್ಚುವುದು ಒಂದು ದ್ರವ. ಆ ದ್ರವವನ್ನು ಕದಲದಂತೆ ಹಿಡಿದಿಡುವುದು ಅಯಸ್ಕಾಂತ.

ಆ ದ್ರವ ಹುಟ್ಟಿದ್ದು ಸೀಲಿಗಾಗಿ ಅಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಈಗ ಗ್ಲೆನ್ ಎಂದು ಹೆಸರಾಗಿರುವ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ, ಸ್ಟೀವ್ ಪ್ಯಾಪೆಲ್ ಅವರ ಮುಂದಿದ್ದ ಪ್ರಶ್ನೆ ಬೇರೆಯದು. ಭಾರವಿಲ್ಲದ ಬಾಹ್ಯಾಕಾಶದಲ್ಲಿ ಟ್ಯಾಂಕಿನ ಇಂಧನ ತಳಕ್ಕೆ ಇಳಿಯುವುದಿಲ್ಲ, ಮುದ್ದೆಯಾಗಿ ತೇಲುತ್ತದೆ. ಅದನ್ನು ಪಂಪಿನ ಬಾಯಿಗೆ ತರುವುದು ಹೇಗೆ? ಇಂಧನವೇ ಅಯಸ್ಕಾಂತಕ್ಕೆ ಓಗೊಡುವಂತಾದರೆ ಎಳೆದುಕೊಳ್ಳಬಹುದಲ್ಲ ಎಂದು ಅವರು ಯೋಚಿಸಿದರು. ಮ್ಯಾಗ್ನೆಟೈಟ್ ಅದಿರನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ಒಲೀಯಿಕ್ ಆಮ್ಲದೊಂದಿಗೆ ದಿನಗಟ್ಟಲೆ ಅರೆದರು. 1965ರಲ್ಲಿ ಪೇಟೆಂಟ್ ಬಂತು. ರಾಕೆಟ್ಟಿಗೆ ಮಾತ್ರ ಆ ಇಂಧನ ಏರಲಿಲ್ಲ. ತೇಲುವ ಇಂಧನವನ್ನು ಹತೋಟಿಗೆ ತರಲು ಬೇರೆ ದಾರಿಗಳು ಸಿಕ್ಕಿದ್ದವು.

ಅಷ್ಟಕ್ಕೇ ಅದು ಕಡತ ಸೇರಿಬಿಡಬಹುದಿತ್ತು. ಆದರೆ ನಾಸಾದ ಗುತ್ತಿಗೆಯಲ್ಲಿ ಆವ್ಕೋ ಕಂಪನಿಯ ರೊನಾಲ್ಡ್ ರೋಸೆನ್ಸ್‌ವೈಗ್ ಈ ದ್ರವದ ಮೇಲೆ ಕೆಲಸ ಮುಂದುವರಿಸಿ, ಅದರ ಕಾಂತಶಕ್ತಿ ಹೆಚ್ಚಿಸಿ, ಅದು ಹರಿಯುವ ರೀತಿಗೆ ಗಣಿತ ಬರೆದರು. 1968ರಲ್ಲಿ ಅವರೂ ರೊನಾಲ್ಡ್ ಮಾಸ್ಕೊವಿಟ್ಜ್ ಅವರೂ ಸೇರಿ ಫೆರೋಫ್ಲೂಯಿಡಿಕ್ಸ್ ಕಂಪನಿ ಕಟ್ಟಿದರು. 1999ರಲ್ಲಿ ಅದನ್ನು ಕೊಂಡದ್ದು ಜಪಾನಿನ ಫೆರೋಟೆಕ್. ಆ ಸಂಸ್ಥೆಯೂ ಮೊದಲು ಇದರದೇ ಕೊಂಬೆಯಾಗಿತ್ತು.

ಸೀಲಿನ ಒಳಗುಟ್ಟು ನೋಡೋಣ. ದ್ರವದಲ್ಲಿರುವ ಕಣಗಳ ಅಗಲ ಸುಮಾರು 10 ನ್ಯಾನೋಮೀಟರ್. ಇಷ್ಟು ಸಣ್ಣ ಕಣಗಳನ್ನು ಅಣುಗಳ ತಳ್ಳಾಟವೇ ತಳ ಸೇರಗೊಡುವುದಿಲ್ಲ. ಒಂದಕ್ಕೊಂದು ಅಂಟದಂತೆ ಮೈಮೇಲೆ ಎಣ್ಣೆಯಂಥ ಅಣುಗಳ ಹೊದಿಕೆ ಬೇರೆ. ಶಾಫ್ಟಿನ ಸುತ್ತ ಉಂಗುರಾಕಾರದ ಅಯಸ್ಕಾಂತ, ಅದರ ಎರಡು ಬದಿಗೆ ಉಕ್ಕಿನ ಧ್ರುವ ತುಂಡುಗಳು, ಅವುಗಳಲ್ಲೋ ಶಾಫ್ಟಿನಲ್ಲೋ ಕೊರೆದ ಹಲ್ಲುಗಳು. ಹಲ್ಲಿನ ತುದಿಯಲ್ಲಿ ಕಾಂತಕ್ಷೇತ್ರ ದಟ್ಟವಾಗುವುದರಿಂದ ದ್ರವ ಅಲ್ಲಿಗೇ ಓಡಿ, ಕೂದಲೆಳೆಯಷ್ಟು ಸಂದನ್ನು ತುಂಬಿ, ದ್ರವದ ಓ-ರಿಂಗ್ ಆಗಿ ನಿಲ್ಲುತ್ತದೆ. ಇಂಥ ಒಂದು ಉಂಗುರ ತಡೆಯುವುದು ವಾಯುಭಾರದ ಐದನೇ ಒಂದು ಪಾಲಿನಷ್ಟನ್ನು ಮಾತ್ರ. ಆದ್ದರಿಂದ ಸಾಲಾಗಿ ಹಲವು ಉಂಗುರ ಇಡುತ್ತಾರೆ, ಒತ್ತಡ ಮೆಟ್ಟಿಲಿಳಿದಂತೆ ಹಂತಹಂತವಾಗಿ ಇಳಿಯುತ್ತದೆ. ಒಮ್ಮೆ ಒತ್ತಡ ಮಿತಿಮೀರಿ ಉಂಗುರ ಒಡೆದರೂ, ಒತ್ತಡ ಇಳಿದೊಡನೆ ಅಯಸ್ಕಾಂತ ಅದನ್ನು ಮತ್ತೆ ಕೂಡಿಸುತ್ತದೆ. ತನ್ನ ಗಾಯ ತಾನೇ ಮುಚ್ಚಿಕೊಳ್ಳುವ ಸೀಲು!

ಇದಕ್ಕೆ ಸರಿಯಾದ ಒರೆಗಲ್ಲು ಸಿಲಿಕಾನ್ ಹರಳು ಬೆಳೆಸುವ ಕುಲುಮೆ. 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸಿಲಿಕಾನ್‌ಗೆ ಬೀಜಹರಳನ್ನು ಅದ್ದಿ, ತಿರುಗಿಸುತ್ತ ನಿಧಾನವಾಗಿ ಮೇಲೆತ್ತಬೇಕು. ಗಾಳಿ ಸೋರಿದರೂ ಶಾಫ್ಟು ನಡುಗಿದರೂ ಹರಳು ಕೆಟ್ಟಂತೆಯೇ. ಚಿಪ್ ಕಾರ್ಖಾನೆಯ ನಿರ್ವಾತ ಕೋಣೆಗಳಿಗೂ ಈ ಸೀಲು ಬಂತು. ಒಂದು ಕಾಲಕ್ಕೆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗೆ ಧೂಳು ಹೋಗದಂತೆ ಕಾದದ್ದೂ ಇದೇ. ಇದಕ್ಕೂ ಮಿತಿಗಳಿವೆ. ಬಿಸಿ ಹೆಚ್ಚಿದರೆ ದ್ರವ ಆವಿಯಾಗುತ್ತದೆ, ಹಾಗಾಗಿ ಸುತ್ತ ತಣ್ಣೀರು ಹರಿಸಬೇಕಾಗುತ್ತದೆ. ನಾಶಕ ಅನಿಲಗಳಿದ್ದಲ್ಲಿ ಮಾಮೂಲಿ ಎಣ್ಣೆಯ ಬದಲು ದುಬಾರಿಯ ಫ್ಲೋರಿನ್ ಎಣ್ಣೆ ಬೇಕು. ನೀರಿನಂಥ ದ್ರವವನ್ನು ತಡೆಯುವಲ್ಲಿ ಇದು ನಂಬಿಕಸ್ಥವಲ್ಲ, ತೋಟದ ಪಂಪಿಗೆ ಒಗ್ಗದು.

ಸರ್ಕಾರಿ ಪ್ರಯೋಗಾಲಯದ ಇಂಥ ಅರಿವು ಹೊರಗೆ ಬರುವ ಮುಖ್ಯ ದಾರಿಗಳಲ್ಲಿ ಒಂದು ಪರವಾನಗಿ. ಅರಿವನ್ನು ಆದಷ್ಟು ವ್ಯಾಪಕವಾಗಿ ಹರಡಬೇಕೆಂದು ನಾಸಾವನ್ನು ಹುಟ್ಟಿಸಿದ 1958ರ ಕಾಯ್ದೆಯೇ ಹೇಳುತ್ತದೆ. ನಾಸಾದ ಪೇಟೆಂಟುಗಳನ್ನು ಬಳಸುವ ಹಕ್ಕನ್ನು ಕಂಪನಿಗಳು ಶುಲ್ಕ ಮತ್ತು ರಾಯಧನ ತೆತ್ತು ಪಡೆಯುತ್ತವೆ. 2015ರಲ್ಲಿ ಅಲ್ಲಿನ ಹೊಸ ಕಂಪನಿಗಳಿಗೆ ಆರಂಭಿಕ ಶುಲ್ಕವನ್ನೇ ಕೈಬಿಟ್ಟು, ಸರಕು ಮಾರತೊಡಗಿದ ಮೇಲೆ ರಾಯಧನ ಕೇಳುವ ಯೋಜನೆ ಬಂತು. ನಮ್ಮಲ್ಲೂ ಇಸ್ರೊದ ತಂತ್ರಜ್ಞಾನವನ್ನು ಉದ್ಯಮಗಳಿಗೆ ದಾಟಿಸುವ ಹೊಣೆಯನ್ನೂ ಹೊತ್ತು 2019ರಲ್ಲಿ ಬೆಂಗಳೂರಿನಲ್ಲಿ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಶುರುವಾಯಿತು. ಪೀಣ್ಯದಲ್ಲಿ ಶಾಫ್ಟು, ಬುಷ್ಷು ಕಡೆಯುವ ಸಣ್ಣ ಕಾರ್ಖಾನೆಯವರು ಈ ಬಾಗಿಲು ತಟ್ಟಬೇಕೆಂಬುದು ನನ್ನ ಮನದಾಳದ ಆಸೆ. ಆದರೆ ಪರವಾನಗಿ ಕೊಡುವುದು ಹಕ್ಕನ್ನು ಮಾತ್ರ. ಯಾವ ಕುಲುಮೆಗೆ ಯಾವ ಎಣ್ಣೆ, ಎಷ್ಟು ಹಲ್ಲು, ಎಷ್ಟು ಸಂದು ಎಂಬುದನ್ನು ಕೊಂಡವರೇ ವರ್ಷಗಟ್ಟಲೆ ಮಾಡಿ ನೋಡಿ ಕಂಡುಕೊಳ್ಳಬೇಕು. ಅಮೆರಿಕದ ಅರ್ಜಿಯಲ್ಲಂತೂ ಈ ಆವಿಷ್ಕಾರವನ್ನು ಹೇಗೆ ಬೆಳೆಸುತ್ತೀರಿ, ಹೇಗೆ ಮಾರುಕಟ್ಟೆಗೆ ತರುತ್ತೀರಿ ಎಂಬ ಯೋಜನೆಯನ್ನು ಮೊದಲೇ ಬರೆದುಕೊಡಬೇಕು.