ಕೀಲೆಣ್ಣೆ ಒಲ್ಲದ ಗಾಡಿ

ಎತ್ತಿನ ಗಾಡಿ ಕಿರುಗುಟ್ಟಿದರೆ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹರಳೆಣ್ಣೆಗೆ ಹುಲ್ಲಿನ ಕರಿ ಕಲಸಿ, ಬಿದಿರಿನ ಕೊಳವೆಯಲ್ಲಿ ತುಂಬಿ, ಗಾಡಿಯ ಅಡಿಯಲ್ಲಿ ತೂಗುಹಾಕಿಕೊಂಡೇ ಹೊರಡುತ್ತಿದ್ದರು. ಸದ್ದು ಕೇಳಿತೋ, ಕಡಾಣಿ ಕಿತ್ತು, ಗಾಲಿ ಸರಿಸಿ, ಒಂದಿಷ್ಟು ಬಳಿದು ಮುಂದೆ ಸಾಗುತ್ತಿದ್ದರು. ಆ ಬುದ್ಧಿ ನಮಗೆ ರಕ್ತಗತವಾಗಿ ಬಂದಿದೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಕಾರಿನ ಅಡಿಯಿಂದ ‘ಕಿಯ್ಯೋ’ ಎಂದು ಸದ್ದು ಬಂದರೂ ಕನ್ನಡಿಗ ಮಿತ್ರರು ಹೇಳುವ ಮೊದಲನೆಯ ಮಾತು, “ಒಂದಿಷ್ಟು ಎಣ್ಣೆ ಬಿಡ್ರೀ, ಸರಿಹೋಗ್ತದೆ” ಎಂಬುದೇ. ಕಾರಿಗೆ ಈ ಮದ್ದು ನಡೆಯದು. ಏಕೆ ನಡೆಯದೆಂಬುದನ್ನು ವಾಚಕರೊಡನೆ ಕೊಂಚ ವಿಚಾರ ಮಾಡೋಣವೆಂದು ಹೊರಟಿದ್ದೇವೆ.

ವಿಚಾರ ಮಾಡಲು ಕಾರಣವೂ ಇದೆ. ನಮ್ಮಲ್ಲಿ ಕಾರು ಇಟ್ಟವರೆಲ್ಲ ವರ್ಷಕ್ಕೊಮ್ಮೆಯಾದರೂ ಅದರಲ್ಲಿ ಊರಿಗೆ ಹೊರಡುವವರೇ. ಇಲ್ಲಿಂದ ವಿಜಯವಾಡಕ್ಕೆ ಸುಮಾರು ೩೫೦ ಕಿಲೋಮೀಟರು. ಅಲ್ಲಿಂದ ಬೆಂಗಳೂರಿಗೆ ಇನ್ನೂ ಸುಮಾರು ೬೫೦. ಹಿಂದಿನ ಸೀಟಿನಲ್ಲಿ ಮಕ್ಕಳು, ಮುದುಕರು, ಅವರ ಮಡಿಲಲ್ಲಿ ಬುತ್ತಿಯ ಗಂಟು. ಹೆದ್ದಾರಿಯಲ್ಲಿ ಕಾರು ತಾಸಿಗೆ ೮೦-೯೦ ಕಿಲೋಮೀಟರು ಓಡುವಾಗ ಮುಂಗಾಲಿಯನ್ನು ಹಿಡಿದುಕೊಂಡಿರುವುದು ಏನು, ಅದು ಯಾವಾಗ ಕೂಗುತ್ತದೆ, ಯಾವಾಗ ಕೂಗದೆಯೇ ಕೈಕೊಡುತ್ತದೆ ಎಂಬ ಅರಿವು, ದಿನವಿಡೀ ಕಡತ ನೋಡುವ ನಮ್ಮಂಥ ಗುಮಾಸ್ತರಿಗೂ ಇರುವುದು ಒಳ್ಳೆಯದು.

ಹಳೆಯ ಕಾರುಗಳ ಕಾಲಕ್ಕೆ ಹಿರಿಯರ ಮದ್ದು ಸರಿಯಾಗಿಯೇ ಇತ್ತು. ೧೯೫೮ರಿಂದ ೨೦೧೪ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಹಿಂಭಾಗದಲ್ಲಿ ಲಾರಿಗಿರುವಂತೆ ಕಮಾನು ಪಟ್ಟೆಗಳಿದ್ದುವು. ಕಬ್ಬಿಣದ ಪಟ್ಟೆಯ ಮೇಲೆ ಕಬ್ಬಿಣದ ಪಟ್ಟೆ. ತುಕ್ಕು ಹಿಡಿದು ಒಂದನ್ನೊಂದು ತಿಕ್ಕಿದರೆ ಸದ್ದು. ನಡುವೆ ಗ್ರಾಫೈಟ್ ಬೆರೆತ ಗ್ರೀಸು ಬಳಿದರೆ ಮೌನ. ಆದರೆ ಈಗಿನ ಸಣ್ಣ ಕಾರುಗಳ ಮುಂಗಾಲಿಯ ಏರ್ಪಾಡೇ ಬೇರೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡನ್ನೂ ಒಂದೇ ಕಂಬದಲ್ಲಿ ಕೂಡಿಸಿದ. ೧೯೫೦ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಕಾಣಿಸಿಕೊಂಡ ಈ ಜೋಡಣೆ, ನಮ್ಮಲ್ಲಿ ೧೯೮೩ರ ಕೊನೆಗೆ ಬಂದ ಮಾರುತಿ ೮೦೦ರೊಡನೆ ಬೀದಿಬೀದಿಗೂ ಬಂದಿತು.

ಈ ಕಂಬದ ತಲೆ ಒಂದು ರಬ್ಬರು ಮತ್ತು ಬೇರಿಂಗಿನ ಮೂಲಕ ಕಾರಿನ ಮೈಗೆ ಅಂಟಿದೆ. ಬುಡವನ್ನು ‘ಲೋಯರ್ ಆರ್ಮ್’ ಎಂಬ ಕಬ್ಬಿಣದ ತೋಳು ಹಿಡಿದಿದೆ. ತೋಳಿನ ಒಳತುದಿಯಲ್ಲಿ ರಬ್ಬರಿನ ಬುಷ್ಷು. ಹೊರತುದಿಯಲ್ಲಿ, ನಮ್ಮ ತೊಡೆಯ ಮೂಳೆ ಸೊಂಟದ ಗುಣಿಯಲ್ಲಿ ಕೂತಂತೆ, ಗುಣಿಯೊಳಗೆ ತಿರುಗುವ ಗುಂಡು—ಬಾಲ್ ಜಾಯಿಂಟು. ಇವಲ್ಲದೆ, ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ಎಡಬಲಗಳನ್ನು ಸೇರಿಸುವ ‘ಸ್ಟೆಬಿಲೈಸರ್’ ಸರಳೊಂದು ಅಡ್ಡಲಾಗಿದೆ. ಅದನ್ನು ಎರಡು ರಬ್ಬರಿನ ತುಂಡುಗಳು ಅಪ್ಪಿಹಿಡಿದಿರುತ್ತವೆ.

ಅಂದರೆ ಕಬ್ಬಿಣ ಕಬ್ಬಿಣವನ್ನು ತಿಕ್ಕುವ ಕಡೆ ಬಹಳವಿಲ್ಲ, ಎಲ್ಲೆಲ್ಲೂ ರಬ್ಬರು. ಇಂಜಿನ್ ಎಣ್ಣೆ, ಡೀಸೆಲ್, ಸಾಮಾನ್ಯ ಗ್ರೀಸು ಇವು ಸಹಜ ರಬ್ಬರನ್ನು ಊದಿಸಿ, ಮೆತ್ತಗೆ ಮಾಡಿ, ಬಿರಿಯಿಸುತ್ತವೆ. ಎಣ್ಣೆ ಬಿಟ್ಟ ದಿನ ಸದ್ದು ನಿಂತೀತು. ಕೆಲವು ತಿಂಗಳಲ್ಲಿ ಬುಷ್ಷೇ ಹೋದೀತು. ರಬ್ಬರಿಗೆ ಸಲ್ಲುವುದು ಸಿಲಿಕೋನ್ ಗ್ರೀಸು. ಅದೂ ಸ್ಟೆಬಿಲೈಸರ್ ಸರಳಿನಂತೆ ಜಾರುವ ಕಡೆ ಮಾತ್ರ. ತೋಳಿನ ಬುಷ್ಷಿನಲ್ಲಿ ರಬ್ಬರು ಕಬ್ಬಿಣಕ್ಕೆ ಅಂಟಿಕೊಂಡೇ ಇದ್ದು ಹುರಿಗೊಳ್ಳುತ್ತದೆಯೇ ಹೊರತು ಜಾರುವುದಿಲ್ಲ. ಅದು ಹರಿದರೆ ಯಾವ ಗ್ರೀಸೂ ಕೂಡಿಸಲಾರದು.

ನಮ್ಮ ಕಾಲೋನಿಗೆ ಸಮುದ್ರ ಹತ್ತಿರ. ಸಂಜೆಯ ಗಾಳಿ ಸುಖವೇನೋ ಹೌದು, ಆದರೆ ಅದರಲ್ಲಿನ ಉಪ್ಪಿಗೆ ಕಬ್ಬಿಣವೆಂದರೆ ಬಲು ಪ್ರೀತಿ. ಸ್ಟೆಬಿಲೈಸರ್ ಸರಳಿಗೆ ತುಕ್ಕು ಹಿಡಿದು ಮೈ ಒರಟಾಗುತ್ತದೆ. ರಬ್ಬರಿಗೂ ಸರಳಿಗೂ ನಡುವೆ ಬೀಚ್ ರಸ್ತೆಯ ಮರಳು ಸೇರುತ್ತದೆ. ಕಾಲೋನಿಯೊಳಗಿನ ಪ್ರತಿಯೊಂದು ರಸ್ತೆ ಉಬ್ಬಿಗೂ ಒಂದೊಂದು ‘ಕಿಯ್ಯೋ’.

ನಮ್ಮ ಹತ್ತು ವರ್ಷದ ಕಾರಿಗೂ ಹೀಗೆಯೇ ಆಯಿತು. ಊರಿಗೆ ಹೊರಡಲು ಹನ್ನೆರಡು ದಿನವಿತ್ತು. ತೋರಿಸಿದ ವರ್ಕ್‌ಷಾಪಿನಲ್ಲಿ ಕಾರನ್ನು ಒಂದು ಸುತ್ತು ಓಡಿಸಿ ನೋಡಿ, ಮುಂದಿನ ಎರಡೂ ಶಾಕ್ ಅಬ್ಸಾರ್ಬರು ಬದಲಿಸಬೇಕೆಂದು ಚೀಟಿ ಬರೆದರು. ಮೊತ್ತ ನಮ್ಮ ಅರ್ಧ ತಿಂಗಳ ಸಂಬಳಕ್ಕೆ ಸಮೀಪ. ಚೀಟಿಯನ್ನು ಜೇಬಿಗಿಟ್ಟು ಮನೆಗೆ ಬಂದೆವು. ಕಚೇರಿಯಲ್ಲಿ ಅಡಕ ಪತ್ರಗಳಿಲ್ಲದ ಅರ್ಜಿಯನ್ನು ಮುಂದಕ್ಕೆ ಕಳಿಸಿ ಅಭ್ಯಾಸವಿಲ್ಲ ನೋಡಿ.

ಶಾಕ್ ಅಬ್ಸಾರ್ಬರಿನ ಪರೀಕ್ಷೆ ಸುಲಭ. ಮೂಲೆಯೊಂದನ್ನು ಬಲವಾಗಿ ಅದುಮಿ ಬಿಟ್ಟರೆ ಕಾರು ಮೇಲೆದ್ದು ತಣ್ಣಗೆ ನಿಲ್ಲಬೇಕು. ಮೂರು ನಾಲ್ಕು ಸಲ ತೊನೆದಾಡಿದರೆ ಅದರ ಸತ್ವ ಹೋಯಿತೆಂದು ಅರ್ಥ. ಮೈಮೇಲೆ ಎಣ್ಣೆ ಸೋರಿದ ಗುರುತನ್ನೂ ನೋಡಬೇಕು. ನಮ್ಮವು ಎರಡರಲ್ಲೂ ತೇರ್ಗಡೆಯಾದುವು. ಮುಂದೆ ನೀರಿನ ಪರೀಕ್ಷೆ. ಇಂಜಿನ್ ನಿಲ್ಲಿಸಿ ಒಬ್ಬರು ಕಾರನ್ನು ಅದುಮುತ್ತಿರಬೇಕು. ಇನ್ನೊಬ್ಬರು ಬಗ್ಗಿ, ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಸೀಸೆಯಿಂದ, ಒಂದೊಂದು ರಬ್ಬರಿಗೂ ಪ್ರತ್ಯೇಕವಾಗಿ ನೀರು ಹೊಡೆಯಬೇಕು. ಯಾವುದಕ್ಕೆ ನೀರು ತಾಗಿದೊಡನೆ ಸದ್ದು ಅಡಗುವುದೋ ಕಳ್ಳ ಅಲ್ಲಿಯೇ. ನೀರು ರಬ್ಬರಿಗೆ ಕೇಡು ಮಾಡದು. ಆರಿದ ಮೇಲೆ ಸದ್ದು ಮರಳುವುದರಿಂದ ಗುರುತೂ ಗಟ್ಟಿಯಾಗುತ್ತದೆ. ಮನೆಯವರು ಅದುಮಿದರು, ನಾವು ನೀರು ಹೊಡೆದೆವು. ಸ್ಟೆಬಿಲೈಸರಿನ ಎಡಗಡೆಯ ರಬ್ಬರು ಒದ್ದೆಯಾದೊಡನೆ ಕಾರು ಮೌನ ತಾಳಿತು. ಆ ರಬ್ಬರಿನ ಜೋಡಿಗೆ ಬೇಕಾದದ್ದು ಕೆಲವೇ ನೂರು ರೂಪಾಯಿ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವಷ್ಟು ವಿಷಯವಿರುತ್ತಿರಲಿಲ್ಲ. ರಬ್ಬರು ಹಾಕಿಸಲು ಗಾಜುವಾಕದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರಲ್ಲಿಗೆ ಹೋದೆವು. ಅವರು ಕಾರನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡುಗಳ ಮೇಲೆ ಕೂರಿಸಿ (ಬರಿಯ ಜಾಕನ್ನು ನಂಬಿ ಯಾರೂ ಕಾರಿನಡಿಗೆ ತಲೆ ಹಾಕಬಾರದು), ಎಡಗಾಲಿಯ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು ಅಲುಗಿಸಿದರು. ಸಣ್ಣದಾಗಿ ‘ಟಕ್’ ಎಂದಿತು. “ಸಾರ್, ಇದಿ ಚೂಡಂಡಿ” ಎಂದು ಕರೆದು ತೋರಿಸಿದರು. ಬಾಲ್ ಜಾಯಿಂಟಿನ ರಬ್ಬರು ಟೋಪಿ ಹರಿದು, ಒಳಗಿನ ಗ್ರೀಸು ತೊಳೆದುಹೋಗಿ, ಮರಳು ಕೂತಿತ್ತು. ಗುಂಡು ಗುಣಿಯಲ್ಲಿ ಆಡುತ್ತಿತ್ತು. ಇದು ಪೂರಾ ಸವೆದು ಕಳಚಿದರೆ ಗಾಲಿ ಹೊರಕ್ಕೆ ಮಡಚಿಕೊಳ್ಳುತ್ತದೆ. ಆಗ ಸ್ಟಿಯರಿಂಗು ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೂಗುತ್ತಿದ್ದ ರಬ್ಬರು ವರ್ಷವಿಡೀ ಕೂಗಿದರೂ ಯಾರ ಪ್ರಾಣಕ್ಕೂ ಕುತ್ತಿರಲಿಲ್ಲ. ಕುತ್ತು ಇದ್ದದ್ದು ಹತ್ತಿರದಲ್ಲೇ, ಸದ್ದಿಲ್ಲದೆ. ಇಂಥದನ್ನು ಕಂಡ ಮೇಲೆ ‘ಊರಿಗೆ ಹೋಗಿಬಂದು ನೋಡೋಣ’ ಎನ್ನುವಂತಿಲ್ಲ.

ನಮ್ಮ ಕಾರಿನಲ್ಲಿ ಬಾಲ್ ಜಾಯಿಂಟು ತೋಳಿಗೇ ಕೂಡಿಕೊಂಡಿದ್ದರಿಂದ ತೋಳನ್ನೇ ಬದಲಿಸಬೇಕಾಯಿತು. ಇಲ್ಲಿ ಮೇಸ್ತ್ರಿಗಳು ಮಾಡಿದ ಒಂದು ಕೆಲಸವನ್ನು ವಾಚಕರು ಗಮನಿಸಬೇಕು. ತೋಳಿನ ಬುಷ್ಷಿನ ಬೋಲ್ಟುಗಳನ್ನು ಗಾಲಿ ತೂಗಾಡುತ್ತಿದ್ದಾಗ ಅವರು ಪೂರ್ತಿ ಬಿಗಿಯಲಿಲ್ಲ. ಕಾರನ್ನು ಇಳಿಸಿ, ಭಾರವೆಲ್ಲ ಗಾಲಿಗಳ ಮೇಲೆ ಬಂದ ನಂತರ ಬಿಗಿದರು. ಮೇಲಿದ್ದಾಗಲೇ ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಹಿಡಿದುಕೊಂಡು, ಇಳಿಸಿದಾಗ ಸದಾ ಹುರಿಗೊಂಡೇ ಇದ್ದು, ಬೇಗ ಹರಿಯುತ್ತದೆ. ‘ಹೋದ ವರ್ಷ ತಾನೇ ಹಾಕಿಸಿದೆನಲ್ಲ’ ಎಂಬ ಗೋಳಿಗೆ ಅನೇಕ ಸಲ ಇದೇ ಮೂಲ. ತೋಳು ಬದಲಿಸಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ನೋಡಿಸಲೇಬೇಕು. ಇಲ್ಲವಾದರೆ ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ.

ಇನ್ನೆರಡು ಮಾತು. ನಿಂತಲ್ಲೇ ಸ್ಟಿಯರಿಂಗು ತಿರುಗಿಸಿದಾಗ ಮೇಲುಗಡೆ ಕಿರುಗುಟ್ಟಿದರೆ ಕಂಬದ ತಲೆಯ ಬೇರಿಂಗನ್ನು ಶಂಕಿಸಬಹುದು. ಸಣ್ಣ ಹಳ್ಳಗಳಲ್ಲಿ ‘ಟಕಟಕ’ ಎಂದರೆ ಸ್ಟೆಬಿಲೈಸರಿನ ಲಿಂಕು ಸವೆದಿರಬಹುದು. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿರಿ. ಒಳ್ಳೆಯ ಮೇಸ್ತ್ರಿಗಳು ತಾವಾಗಿಯೇ ಕೈಗಿಡುತ್ತಾರೆ.

ಹೊರಟ ದಿನ ಸೀತಮ್ಮಧಾರೆ ದಾಟುವವರೆಗೂ ನಮ್ಮ ತಾಯಿ ಕಿವಿಗೊಟ್ಟು ಕೂತಿದ್ದರು. ಕೊನೆಗೆ, “ಏನಪ್ಪಾ, ಸದ್ದೇ ಇಲ್ಲವಲ್ಲ, ಎಲ್ಲ ಸರಿಯಾಗಿದೆ ತಾನೆ?” ಎಂದರು. ವಿಜಯವಾಡದಲ್ಲಿ ಕೃಷ್ಣೆ ಕಾಣುವ ಹೊತ್ತಿಗೆ ನಿದ್ರೆ ಹೋಗಿದ್ದರು.