ನೀರಿನಡಿ ಫೋಟೊ ತೆಗೆಯಲು ಡಿಎಸ್ಎಲ್ಆರ್ ಬೇಕೇ, ಕಾಂಪ್ಯಾಕ್ಟ್ ಸಾಕೇ?

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಡೈವ್ ಮಾಡಿ ಬಂದವರ ಫೋನಿನಲ್ಲಿ ಹೆಚ್ಚುಕಡಿಮೆ ಒಂದೇ ಥರದ ಚಿತ್ರ ಇರುತ್ತದೆ. ಎಲ್ಲೆಲ್ಲೂ ನೀಲಿ-ಹಸಿರು, ನಡುವೆ ಮಾಸ್ಕ್ ಹಾಕಿಕೊಂಡ ಮುಖ, ಕೈಯಲ್ಲಿ 'ಓಕೆ' ಸನ್ನೆ, ಹಿಂದೆ ಮಸುಕಾಗಿ ಒಂದೆರಡು ಮೀನು. ಮಾಲ್ವಣಕ್ಕೆ ಹೋದ ಪುಣೆಯವರದ್ದೂ ಇದೇ ಕತೆ, ಪುದುಚೇರಿಗೆ ಹೋದ ಚೆನ್ನೈಯವರದ್ದೂ ಇದೇ. ಮನೆಗೆ ಬಂದು ನೋಡಿದಾಗ ಹುಟ್ಟುವ ಮೊದಲ ಯೋಚನೆ, 'ಒಳ್ಳೆ ಕ್ಯಾಮೆರಾ ಇದ್ದಿದ್ದರೆ ಚೆನ್ನಾಗಿ ಬರ್ತಿತ್ತು' ಎಂಬುದು. ಮಗುವಿನ ನಾಮಕರಣಕ್ಕೆಂದು ಕೊಂಡ ಡಿಎಸ್ಎಲ್ಆರ್ ಬೀರುವಿನಲ್ಲಿ ಕೂತಿರುತ್ತದೆ. ಅದಕ್ಕೊಂದು ನೀರು ಹೋಗದ ಪೆಟ್ಟಿಗೆ ಕೊಂಡರಾಯಿತಲ್ಲ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಲು ಶುರು ಮಾಡುತ್ತೇವೆ. ಬೆಲೆ ನೋಡಿದ ಮೇಲೆ ಗಾಬರಿ.

ಆ ಗಾಬರಿ ಒಳ್ಳೆಯದೇ. ದುಡ್ಡು ಸುರಿಯುವ ಮೊದಲು, ಫೋಟೊ ನೀಲಿಯಾದದ್ದು ಯಾಕೆ ಎಂದು ತಿಳಿದುಕೊಳ್ಳಬೇಕು. ಅದರಲ್ಲಿ ಕ್ಯಾಮೆರಾದ ತಪ್ಪು ಕಡಿಮೆ, ನೀರಿನ ಪಾಲು ಜಾಸ್ತಿ.

ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊದಲು ಹೋಗುವುದು ಕೆಂಪು. ಐದು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಅದು ಸೊರಗಿರುತ್ತದೆ, ಹತ್ತು ಮೀಟರ್ ದಾಟುವ ಹೊತ್ತಿಗೆ ಬಹುತೇಕ ಇಲ್ಲವೇ ಇಲ್ಲ. ಆಮೇಲೆ ಕಿತ್ತಳೆ, ಹಳದಿ. ಆಳದಲ್ಲಿ ಕೈಗೆ ಗಾಯವಾದರೆ ರಕ್ತ ಹಸಿರಾಗಿ ಕಾಣುವುದು ಇದೇ ಕಾರಣಕ್ಕೆ. ಬಹಳ ಜನ ಮರೆಯುವ ಸಂಗತಿ ಇನ್ನೊಂದಿದೆ. ಬೆಳಕು ಸೋರಿಹೋಗುವುದು ಕೆಳಗಿಳಿಯುವಾಗ ಮಾತ್ರವಲ್ಲ, ಅಡ್ಡಡ್ಡ ಸಾಗುವಾಗಲೂ ಹೌದು. ಐದು ಮೀಟರ್ ಆಳದಲ್ಲಿ, ನಿಮ್ಮಿಂದ ಮೂರು ಮೀಟರ್ ದೂರದಲ್ಲಿರುವ ಮೀನಿನ ಬಣ್ಣ ಲೆನ್ಸಿಗೆ ತಲುಪುವಷ್ಟರಲ್ಲಿ ಎಂಟು ಮೀಟರ್ ನೀರು ದಾಟಿರುತ್ತದೆ. ಜತೆಗೆ ನೀರಿನಲ್ಲಿ ತೇಲುವ ಮರಳು, ಪಾಚಿ, ಸೂಕ್ಷ್ಮಜೀವಿಗಳು ಮಂಜಿನ ಹಾಗೆ ನಡುವೆ ನಿಲ್ಲುತ್ತವೆ.

ಹಾಗಾಗಿ ನೀರಿನಡಿಯ ಫೋಟೊಗ್ರಫಿಯ ಮೊದಲ ಪಾಠ 'ಹತ್ತಿರ ಹೋಗಿ' ಎಂಬುದು. ಒಂದು ಮೀಟರಿಗಿಂತ ಹತ್ತಿರ. ಎರಡನೆಯದು, ನಿಮ್ಮ ಬೆಳಕನ್ನು ನೀವೇ ಒಯ್ಯಿರಿ. ಈ ಎರಡು ಕೆಲಸವನ್ನು ಯಾವ ಕ್ಯಾಮೆರಾ, ನಿಮ್ಮ ಜೇಬಿಗೆ ಮತ್ತು ನಿಮ್ಮ ಈಜಿಗೆ ಒಗ್ಗುವಂತೆ ಮಾಡುತ್ತದೆ ಎಂಬುದೇ ಪ್ರಶ್ನೆ. ಎಷ್ಟು ಮೆಗಾಪಿಕ್ಸೆಲ್ ಎಂಬುದು ಆಮೇಲಿನ ಮಾತು.

'ವಾಟರ್‌ಪ್ರೂಫ್' ಎಂಬ ಪದದ ಬಗ್ಗೆ

ಕಾಂಪ್ಯಾಕ್ಟ್‌ಗಳಲ್ಲಿ ಎರಡು ಬಗೆ. ಹಾಗೆಯೇ ನೀರಿಗಿಳಿಸಬಹುದಾದವು ಒಂದು. ಒಲಿಂಪಸ್ ಕಂಪನಿಯ ಟಿಜಿ ಸಾಲಿನ ಕ್ಯಾಮೆರಾಗಳು ಇದರಲ್ಲಿ ಹೆಸರುವಾಸಿ. 2019ರಲ್ಲಿ ಬಂದ ಟಿಜಿ-6, 2023ರಲ್ಲಿ ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದ ಟಿಜಿ-7 ಎರಡೂ 15 ಮೀಟರ್‌ವರೆಗೆ ತಡೆಯುತ್ತವೆ ಎಂದು ಕಂಪನಿ ಹೇಳುತ್ತದೆ. ಎರಡನೆಯ ಬಗೆ, ಸೋನಿ ಆರ್‌ಎಕ್ಸ್100, ಕ್ಯಾನನ್ ಜಿ7ಎಕ್ಸ್ ಥರದ, ಒಂದಿಂಚಿನ ಸೆನ್ಸರ್ ಇರುವ ಜೇಬಿನ ಕ್ಯಾಮೆರಾಗಳು. ಇವು ತಾವಾಗಿಯೇ ಮಳೆಯನ್ನೂ ತಡೆಯುವುದಿಲ್ಲ, ಹೌಸಿಂಗ್ ಎಂಬ ಗಟ್ಟಿ ಕವಚ ಬೇಕೇ ಬೇಕು.

15 ಮೀಟರ್ ಅಂದರೆ ಸಾಕಲ್ಲ ಅನಿಸಬಹುದು. ಸಾಲದು. ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್‌ವರೆಗೆ, ಅಡ್ವಾನ್ಸ್ಡ್ ಮುಗಿಸಿದವರಿಗೆ 30 ಮೀಟರ್‌ವರೆಗೆ ಇಳಿಯಲು ಅವಕಾಶ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಆಮೆಯ ಹಿಂದೆ ಹೊರಟವರಿಗೆ 15 ದಾಟಿ 17ಕ್ಕೆ ಬಂದದ್ದು ಗೊತ್ತೇ ಆಗುವುದಿಲ್ಲ. ಟಿಜಿ ಕೊಂಡರೂ 45 ಮೀಟರ್ ತಡೆಯುವ ಅದರ ಹೌಸಿಂಗನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸ್ಕೂಬಾ ಬಿಟ್ಟು ಬರೀ ಸ್ನಾರ್ಕೆಲಿಂಗ್ ಮಾಡುವವರಿಗೆ ಮಾತ್ರ ಬೇಡ. ಇನ್ನು ಐಪಿ68 ಎಂದು ಬರೆದ ಫೋನ್‌ಗಳು. ಆ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ. ಉಪ್ಪುನೀರಿಗೆ ಅದೇ ಮಾತನ್ನು ಅನ್ವಯಿಸಬೇಡಿ.

ಡಿಎಸ್ಎಲ್ಆರ್ ಲೆಕ್ಕ

ಡಿಎಸ್ಎಲ್ಆರ್ ನೀರಿಗಿಳಿಯಲು ಏನೇನು ಬೇಕು ನೋಡಿ. ಆ ಮಾಡೆಲ್‌ಗೆಂದೇ ಮಾಡಿದ ಹೌಸಿಂಗ್. ಲೆನ್ಸಿನ ಮುಂದೆ ಗಾಜಿನ ಅಥವಾ ಅಕ್ರಿಲಿಕ್ಕಿನ ಪೋರ್ಟ್. ಅದೂ ಮ್ಯಾಕ್ರೋ ಲೆನ್ಸಿಗೆ ಚಪ್ಪಟೆಯದು, ಅಗಲ ನೋಟದ ಲೆನ್ಸಿಗೆ ಗುಮ್ಮಟದಂಥದ್ದು. ಝೂಮ್ ತಿರುಗಿಸಲು ಹಲ್ಲಿನ ಚಕ್ರ. ಎರಡು ಸ್ಟ್ರೋಬ್, ಅಂದರೆ ನೀರಿನಡಿಯ ಫ್ಲಾಶ್. ಅವನ್ನು ಹಿಡಿಯಲು ತೋಳುಗಳು, ಕೇಬಲ್. ನಾಟಿಕ್ಯಾಮ್, ಅಕ್ವಾಟಿಕಾದಂಥ ಕಂಪನಿಗಳು ಅಲ್ಯೂಮಿನಿಯಂನಲ್ಲಿ ಮಾಡುವ ಹೌಸಿಂಗ್‌ಗೆ ಎಷ್ಟೋ ಸಲ ಒಳಗಿನ ಕ್ಯಾಮೆರಾಕ್ಕಿಂತ ಹೆಚ್ಚು ಬೆಲೆ. 2017ರಲ್ಲಿ ನಿಕಾನ್ ಡಿ850 ಬಂದಾಗ ಬರೀ ಬಾಡಿಗೆ ಅಮೆರಿಕದಲ್ಲಿ ಸುಮಾರು 3,300 ಡಾಲರ್ ಇತ್ತು. ಎರಡು ವರ್ಷದ ನಂತರ ಬಂದ ಟಿಜಿ-6ಕ್ಕೆ ಸುಮಾರು 450 ಡಾಲರ್. ಹೌಸಿಂಗ್, ಪೋರ್ಟ್, ಸ್ಟ್ರೋಬ್ ಸೇರಿಸಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ.

ಅದಕ್ಕಿಂತ ನೋವಿನ ವಿಷಯವೆಂದರೆ, ನಾಲ್ಕು ವರ್ಷದ ನಂತರ ಬಾಡಿ ಬದಲಿಸಿದರೆ ಹೌಸಿಂಗ್ ಕೆಲಸಕ್ಕೆ ಬರುವುದಿಲ್ಲ. ಹೊಸ ಕ್ಯಾಮೆರಾದ ಬಟನ್ ಅರ್ಧ ಸೆಂಟಿಮೀಟರ್ ಆಚೀಚೆ ಆದರೂ ಮುಗಿಯಿತು. ಕಾಂಪ್ಯಾಕ್ಟ್‌ಗೂ ಈ ಸಮಸ್ಯೆ ಇದೆ, ಆದರೆ ಕಳೆದುಕೊಳ್ಳುವ ಮೊತ್ತ ಚಿಕ್ಕದು. ಸ್ಟ್ರೋಬ್ ಮತ್ತು ತೋಳುಗಳು ಮುಂದಿನ ಕ್ಯಾಮೆರಾಕ್ಕೂ ಉಳಿಯುತ್ತವೆ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಇಡೀ ಬಜೆಟ್ಟಿನಲ್ಲಿ ಜಾಣತನದ ಖರ್ಚೆಂದರೆ ಸ್ಟ್ರೋಬ್.

ಇನ್ನೊಂದು ಮಾತು. ಕ್ಯಾನನ್ ಮತ್ತು ನಿಕಾನ್ ಎರಡೂ ಈಗ ಹೊಸ ಕೆಲಸವನ್ನೆಲ್ಲ ಮಿರರ್‌ಲೆಸ್ ಕ್ಯಾಮೆರಾಗಳ ಮೇಲೆ ಮಾಡುತ್ತಿವೆ. ಹಾಗಾಗಿ ಅನುಭವಿ ಡೈವರ್‌ಗಳು ಡಿಎಸ್ಎಲ್ಆರ್ ಮತ್ತು ಹೌಸಿಂಗನ್ನು ಒಟ್ಟಿಗೆ ಸೆಕೆಂಡ್ ಹ್ಯಾಂಡ್ ಮಾರುವುದು ಹೆಚ್ಚಾಗಿದೆ. ನೀವು ನಿಜಕ್ಕೂ ಡಿಎಸ್ಎಲ್ಆರ್‌ಗೇ ಹೋಗುವುದಾದರೆ ದಾರಿ ಅದು. ಹೊಸದನ್ನು ಕೊಳ್ಳಲು ಕಾರಣ ಕಾಣುವುದಿಲ್ಲ.

ಇಷ್ಟು ಖರ್ಚಿಗೆ ಸಿಗುವುದೇನು? ಸಿಗುವುದು ಬಹಳ ಇದೆ, ಸುಳ್ಳು ಹೇಳಬಾರದು. ಶಟರ್ ಒತ್ತಿದ ಕ್ಷಣವೇ ಚಿತ್ರ ಬೀಳುತ್ತದೆ. ಓಡುವ ಮೀನಿನ ಬಾಲ ಮಾತ್ರ ಸಿಕ್ಕಿ ತಲೆ ಹೋಗುವ ಸಂಕಟ ಇಲ್ಲ. ಫುಲ್ ಫ್ರೇಮ್ ಸೆನ್ಸರ್ 36x24 ಮಿ.ಮೀ., ಒಂದಿಂಚಿನದು ಎನ್ನಿಸಿಕೊಳ್ಳುವುದು 13.2x8.8 ಮಿ.ಮೀ., ಟಿಜಿಯದ್ದು ಅದಕ್ಕಿಂತಲೂ ಸಣ್ಣದು. ಮೇಲೆ ಸೂರ್ಯ, ಕೆಳಗೆ ಬಂಡೆಯ ನೆರಳು ಎರಡೂ ಇರುವ ಚೌಕಟ್ಟಿನಲ್ಲಿ ದೊಡ್ಡ ಸೆನ್ಸರ್ ಎರಡೂ ಕಡೆಯ ವಿವರ ಉಳಿಸಿಕೊಳ್ಳುತ್ತದೆ. ಗುಮ್ಮಟದ ಪೋರ್ಟ್ ಹಿಂದೆ ಫಿಶ್‌ಐ ಲೆನ್ಸ್ ಇಟ್ಟರೆ ಮುಳುಗಿದ ಹಡಗನ್ನು ಹತ್ತಿರದಿಂದಲೇ ಇಡಿಯಾಗಿ ಹಿಡಿಯಬಹುದು. ಚಪ್ಪಟೆ ಗಾಜಿನ ಹಿಂದೆ ಇದು ಆಗದ ಮಾತು. ನೀರು ಬೆಳಕನ್ನು ಬಾಗಿಸುವುದರಿಂದ ನಾಲ್ಕಡಿ ದೂರದ ಮೀನು ಮೂರಡಿಯಲ್ಲಿದ್ದಂತೆ ದೊಡ್ಡದಾಗಿ ಕಂಡು, ನೋಟದ ಅಗಲ ಕುಗ್ಗುತ್ತದೆ.

ಕಾಂಪ್ಯಾಕ್ಟ್ ಗೆಲ್ಲುವ ಜಾಗ

ಡಿಎಸ್ಎಲ್ಆರ್ ಹಿಡಿದವರು ದೋಣಿಯಲ್ಲೇ ತೀರ್ಮಾನ ಮಾಡಬೇಕು: ಇವತ್ತು ಸಣ್ಣ ಜೀವಿಗಳೋ, ದೊಡ್ಡ ದೃಶ್ಯವೋ? 105 ಎಂಎಂ ಮ್ಯಾಕ್ರೋ ಹಾಕಿಕೊಂಡು ಬೆರಳುದ್ದವೂ ಇಲ್ಲದ ನುಡಿಬ್ರಾಂಕ್ ಹುಡುಕುತ್ತಿರುವಾಗ ತಲೆಯ ಮೇಲೆ ಆಮೆ ಹಾದುಹೋದರೆ ಅದರ ಕಣ್ಣಷ್ಟೇ ಚೌಕಟ್ಟಿಗೆ ಬರುತ್ತದೆ. ನೀರಿನೊಳಗೆ ಲೆನ್ಸ್ ಬಿಚ್ಚಿ ಬದಲಿಸುವ ಹಾಗಿಲ್ಲ. ಕಾಂಪ್ಯಾಕ್ಟ್‌ನಲ್ಲಿ 'ವೆಟ್ ಲೆನ್ಸ್' ಎಂಬ ಅನುಕೂಲ ಇದೆ. ಇದನ್ನು ಹೌಸಿಂಗಿನ ಹೊರಗೆ, ಸಾಮಾನ್ಯವಾಗಿ 67 ಎಂಎಂ ಮರೆಯಲ್ಲಿ, ನೀರಿನಡಿಯೇ ತಿರುಗಿಸಿ ಹಾಕಬಹುದು, ತೆಗೆಯಬಹುದು. ಜೇಬಿನಲ್ಲಿ ಅಗಲ ನೋಟದ್ದೊಂದು, ಮ್ಯಾಕ್ರೋದ್ದೊಂದು ಇಟ್ಟುಕೊಂಡರೆ ಒಂದೇ ಡೈವ್‌ನಲ್ಲಿ ನುಡಿಬ್ರಾಂಕೂ ಆಯಿತು, ಆಮೆಯೂ ಆಯಿತು.

ಸಣ್ಣ ಸೆನ್ಸರ್‌ನಲ್ಲಿ ಫೋಕಸ್ ಆಗುವ ಆಳ ಹೆಚ್ಚು. ಮ್ಯಾಕ್ರೋದಲ್ಲಿ ಇದು ದೊಡ್ಡ ಉಪಕಾರ. ಅಲೆ ತಳ್ಳಿ ಕೈ ಸ್ವಲ್ಪ ಸರಿದರೂ ಚಿತ್ರ ಕೈತಪ್ಪುವುದಿಲ್ಲ. ಟಿಜಿಯ ಮೈಕ್ರೋಸ್ಕೋಪ್ ಮೋಡ್‌ಗೆ ಇಷ್ಟು ಜನ ಮರುಳಾಗಿರುವುದು ಇದಕ್ಕೇ. ಅದೇ ಟಿಜಿಯಲ್ಲಿ ಪೂರ್ಣ ಮ್ಯಾನ್ಯುಯಲ್ ಮೋಡ್ ಇಲ್ಲ ಎಂಬ ಕೊರತೆಯೂ ಇದೆ. ಶಟರ್ ವೇಗವನ್ನೂ ಅಪರ್ಚರನ್ನೂ ತಾವೇ ಹಿಡಿದಿಡಬೇಕು ಎನ್ನುವವರು ಆರ್‌ಎಕ್ಸ್100 ಅಥವಾ ಜಿ7ಎಕ್ಸ್ ಕಡೆ ನೋಡಬೇಕು. ಇವುಗಳ ಲೆನ್ಸಿನೊಳಗಿನ ಶಟರ್, ಡಿಎಸ್ಎಲ್ಆರ್‌ನ 1/200 ಅಥವಾ 1/250 ಸೆಕೆಂಡಿನ ಮಿತಿ ದಾಟಿ ಬಹಳ ವೇಗದಲ್ಲೂ ಸ್ಟ್ರೋಬ್ ಜತೆ ಕೆಲಸ ಮಾಡುತ್ತದೆ. ನೀರಿನಡಿಯಿಂದ ಸೂರ್ಯನನ್ನು ಹಿಡಿಯುವಾಗ ಇದರ ಬೆಲೆ ತಿಳಿಯುತ್ತದೆ.

ನಮ್ಮ ಪಶ್ಚಿಮ ಕರಾವಳಿಯ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಂಡಮಾನ್, ಲಕ್ಷದ್ವೀಪದ ನೀರು ತಿಳಿ. ನೇತ್ರಾಣಿ, ಮಾಲ್ವಣದಲ್ಲಿ ಒಳ್ಳೆಯ ದಿನಗಳೂ ಇವೆ, ಕೈ ಚಾಚಿದರೆ ಕೈ ಮಸುಕಾಗುವ ದಿನಗಳೂ ಇವೆ. ಕದಡಿದ ನೀರಿನಲ್ಲಿ ಲಕ್ಷಗಟ್ಟಲೆ ರೂಪಾಯಿಯ ಫಿಶ್‌ಐ ಮಾಡುವುದು ಏನೂ ಇಲ್ಲ. ಅಂಥ ದಿನ ಬಂಡೆಗೆ ಹತ್ತಿರ ಹೋಗಿ ಸಣ್ಣದನ್ನೇ ಹುಡುಕಬೇಕು, ಅದಕ್ಕೆ ಕಾಂಪ್ಯಾಕ್ಟ್ ಧಾರಾಳ ಸಾಕು. ಆದರೆ ಕ್ಯಾಮೆರಾದ್ದೇ ಫ್ಲಾಶ್ ಹಾಕಬೇಡಿ. ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನಡುವಿನ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಹಿಮ ಬಿದ್ದ ಹಾಗೆ ಬಿಳಿ ಚುಕ್ಕೆ ಬರುತ್ತದೆ. ಸ್ಟ್ರೋಬನ್ನು ತೋಳಿನ ಮೇಲೆ ಬದಿಗೆ ದೂರ ಇಡುವುದೇ ಈ ಚುಕ್ಕೆಗಳಿಂದ ತಪ್ಪಿಸಿಕೊಳ್ಳಲು. ಸ್ಟ್ರೋಬ್ ಇಲ್ಲದಿದ್ದರೆ ಆಳಕ್ಕೆ ಹೋಗದೆ, ರಾ ಫೈಲಿನಲ್ಲಿ ತೆಗೆದು, ವೈಟ್ ಬ್ಯಾಲೆನ್ಸ್ ಆಮೇಲೆ ಸರಿಮಾಡಿಕೊಳ್ಳಿ.

ವಿಮಾನದ ಲಗೇಜ್ ಕೂಡ ಮರೆಯುವಂತಿಲ್ಲ. ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಚೆಕ್-ಇನ್ 15 ಕೆ.ಜಿ., ಕೈಯಲ್ಲಿ 7 ಕೆ.ಜಿ. ಎರಡು ಸ್ಟ್ರೋಬಿನ ಡಿಎಸ್ಎಲ್ಆರ್ ಸೆಟ್ ಒಂದೇ ಆ 7 ಕೆ.ಜಿ. ಮೀರಬಹುದು. ಲಿಥಿಯಂ ಬ್ಯಾಟರಿಗಳನ್ನು ಬಿಡಿಯಾಗಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಯಲ್ಲೇ ಒಯ್ಯಬೇಕು. ಶ್ರೀ ವಿಜಯ ಪುರಂವರೆಗೆ (ಹಳೆಯ ಪೋರ್ಟ್ ಬ್ಲೇರ್) ವಿಮಾನ, ಅಲ್ಲಿಂದ ಹ್ಯಾವ್‌ಲಾಕ್‌ಗೆ ಹಡಗು. ಹೆಂಡತಿ ಮಕ್ಕಳ ಚೀಲವನ್ನೂ ನೀವೇ ಹೊರಬೇಕಾದಾಗ ಕಾಂಪ್ಯಾಕ್ಟ್ ಮೇಲೆ ಪ್ರೀತಿ ತಾನಾಗಿ ಹುಟ್ಟುತ್ತದೆ.

ಒಂದು ಕೂದಲೆಳೆ

ಎರಡರಲ್ಲಿ ಯಾವುದನ್ನು ಕೊಂಡರೂ ನಿಮ್ಮ ದುಡ್ಡು ಮತ್ತು ಸಮುದ್ರದ ನಡುವೆ ಇರುವುದು ಓ-ರಿಂಗ್ ಎಂಬ ಒಂದು ರಬ್ಬರ್ ಬಳೆ. ನನ್ನ ಮೊದಲ ಕಾಂಪ್ಯಾಕ್ಟ್ ಸತ್ತದ್ದು ಅದರ ಮೇಲೆ ಕೂತಿದ್ದ ಒಂದೇ ಒಂದು ಕೂದಲಿನಿಂದ. ಬೆಳಗ್ಗೆ ದೋಣಿಯಲ್ಲಿ ಗಡಿಬಿಡಿಯಲ್ಲಿ ಬ್ಯಾಟರಿ ಹಾಕಿ ಮುಚ್ಚಿದ್ದೆ. ಎಂಟು ಮೀಟರಿನಲ್ಲಿ ಗಾಜಿನ ಕೆಳಗೆ ಒಂದು ಚಮಚದಷ್ಟು ನೀರು ಅಲುಗಾಡುವುದು ಕಂಡಿತು. ಮೇಲೆ ಬರುವಷ್ಟರಲ್ಲಿ ಸ್ಕ್ರೀನ್ ಕಪ್ಪಾಗಿತ್ತು. ಮೆಮೊರಿ ಕಾರ್ಡ್ ಉಳಿಯಿತು, ಕ್ಯಾಮೆರಾ ಉಳಿಯಲಿಲ್ಲ. ಅದೇ ಜಾಗದಲ್ಲಿ ಡಿಎಸ್ಎಲ್ಆರ್ ಇದ್ದಿದ್ದರೆ ಹೋಗುತ್ತಿದ್ದ ಮೊತ್ತವನ್ನು ಆ ರಾತ್ರಿ ಲಾಡ್ಜಿನಲ್ಲಿ ಕೂತು ಲೆಕ್ಕ ಹಾಕಿದ್ದೇನೆ.

ಹಿಂದಿನ ರಾತ್ರಿಯೇ, ಫ್ಯಾನ್ ಆರಿಸಿ, ಒಳ್ಳೆಯ ಬೆಳಕಿನಲ್ಲಿ ಓ-ರಿಂಗ್ ಒರೆಸಿ, ಕಂಪನಿ ಹೇಳಿದ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ ಮುಚ್ಚಿಡಿ. ದೋಣಿಯಲ್ಲಿ ತೆರೆಯಬೇಡಿ. ಒಳಗೆ ಸಿಲಿಕಾ ಜೆಲ್ ಇಡಿ, ಇಲ್ಲದಿದ್ದರೆ ತಣ್ಣನೆಯ ನೀರಿಗಿಳಿದ ಕೂಡಲೇ ಗಾಜಿನ ಒಳಗೆ ಮಂಜು ಕೂರುತ್ತದೆ. ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ನೆನೆಹಾಕಿ ಬಟನ್‌ಗಳನ್ನೆಲ್ಲ ಒತ್ತಿ ಉಪ್ಪು ತೊಳೆಯಿರಿ. ದೊಡ್ಡ ಹೌಸಿಂಗ್‌ಗಳಲ್ಲಿ ಒಳಗಿನ ಗಾಳಿ ಎಳೆದು ಸೋರಿಕೆ ಇದೆಯೇ ಎಂದು ಮೊದಲೇ ತೋರಿಸುವ ವ್ಯಾಕ್ಯೂಮ್ ವ್ಯವಸ್ಥೆ ಸಿಗುತ್ತದೆ. ಡಿಎಸ್ಎಲ್ಆರ್ ಒಯ್ಯುವವರು ಅದರಲ್ಲಿ ಮಾತ್ರ ಜಿಪುಣತನ ಮಾಡಬಾರದು.

ಕ್ಯಾಮೆರಾ ಹೋದರೆ ಇನ್ನೊಂದು ಕೊಳ್ಳಬಹುದು. ನೀರಿನೊಳಗೆ ಅದಕ್ಕಿಂತ ದೊಡ್ಡ ಅಪಾಯ ಇದೆ. ಚಿತ್ರ ಅಲುಗಾಡಬಾರದೆಂದು ಫೋಟೊ ತೆಗೆಯುವವರು ತಿಳಿಯದೆಯೇ ಉಸಿರು ಬಿಗಿಹಿಡಿಯುತ್ತಾರೆ. ಸ್ಕೂಬಾದ ಮೊದಲ ನಿಯಮವೇ ಉಸಿರು ಹಿಡಿಯಬಾರದು ಎಂಬುದು. ಹಿಡಿದ ಉಸಿರಿನೊಂದಿಗೆ ಸ್ವಲ್ಪ ಮೇಲೆ ತೇಲಿದರೂ ಹಿಗ್ಗುವ ಗಾಳಿ ಶ್ವಾಸಕೋಶಕ್ಕೆ ಗಾಯ ಮಾಡಬಲ್ಲದು. ಸ್ಕ್ರೀನ್ ನೋಡುತ್ತಾ ಗಾಳಿಯ ಮೀಟರ್ ನೋಡುವುದು ಮರೆಯುತ್ತದೆ. ಜತೆಗಾರ ಎಲ್ಲಿ ಹೋದ ಎಂಬುದೂ ಮರೆಯುತ್ತದೆ. ಕೈಯಲ್ಲಿ ದೊಡ್ಡ ಸೆಟ್ ಇದ್ದಷ್ಟೂ ಗಮನ ಅದಕ್ಕೇ ಹೋಗುತ್ತದೆ. ತೇಲುವಿಕೆ ಹಿಡಿತಕ್ಕೆ ಸಿಗದವರು ಸಮತೋಲನಕ್ಕೆಂದು ಹವಳವನ್ನು ಹಿಡಿಯುತ್ತಾರೆ, ವರ್ಷಗಟ್ಟಲೆ ಬೆಳೆದದ್ದು ಕ್ಷಣದಲ್ಲಿ ಮುರಿಯುತ್ತದೆ. ಹವಳ, ಕಡಲ್ಗುದುರೆ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ ಎಂಬುದೂ ನೆನಪಿರಲಿ.

ಆದ್ದರಿಂದ ಕೋರ್ಸ್ ಮಾಡದೆ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡು ಇಳಿಸುವ ಒಂದು ದಿನದ ಡೈವ್‌ಗೆ ಹೋಗುವವರು ಯಾವ ಕ್ಯಾಮೆರಾವನ್ನೂ ಒಯ್ಯಬೇಡಿ. ಅವರೇ ತೆಗೆದುಕೊಡುವ ವಿಡಿಯೊ ಸಾಕು. ಓಪನ್ ವಾಟರ್ ಮುಗಿಸಿ, ವರ್ಷಕ್ಕೆ ಒಂದೆರಡು ಸಲ ಕಡಲಿಗಿಳಿಯುವವರಿಗೆ ನಾನು ಕಾಂಪ್ಯಾಕ್ಟ್, ಅದರ ಹೌಸಿಂಗ್, ಒಂದು ಸ್ಟ್ರೋಬ್ ಎಂದೇ ಹೇಳುತ್ತೇನೆ. ಚಿತ್ರಗಳನ್ನು ಮಾರುವವರು, ದೊಡ್ಡದಾಗಿ ಮುದ್ರಿಸುವವರು, ಕಾಂಪ್ಯಾಕ್ಟ್‌ನಲ್ಲಿ 'ಇದಿಷ್ಟೇ ಇದರ ಕೈಲಾಗುವುದು' ಎಂದು ಬೆರಳಿಟ್ಟು ತೋರಿಸಬಲ್ಲಷ್ಟು ಪಳಗಿದವರು ಡಿಎಸ್ಎಲ್ಆರ್ ಅಥವಾ ಮಿರರ್‌ಲೆಸ್‌ಗೆ ಹೋಗಲಿ.

ಕೊಂಡು ತಂದ ಹೌಸಿಂಗನ್ನು ಮೊದಲ ಸಲ ಕ್ಯಾಮೆರಾ ಇಟ್ಟು ಮುಳುಗಿಸಬೇಡಿ. ಒಳಗೆ ಒಣಗಿದ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ಮೊದಲು ಮನೆಯ ಬಕೆಟ್ಟಿನಲ್ಲಿ, ಆಮೇಲೆ ಒಂದು ಡೈವ್‌ನಲ್ಲಿ ಖಾಲಿಯಾಗಿಯೇ ಒಯ್ಯಿರಿ. ಮೇಲೆ ಬಂದು ಹೊರಗಿನ ನೀರನ್ನು ಚೆನ್ನಾಗಿ ಒರೆಸಿ ತೆರೆದಾಗ ಟಿಶ್ಯೂ ಒಣಗೇ ಇದ್ದರೆ, ಮರುದಿನ ಕ್ಯಾಮೆರಾ ಇಡಿ.