ಮಾಗಲು ಇಟ್ಟ ಹೊಗೆ

ಐದು ವರ್ಷಗಳ ಹಿಂದೆ ಗೆಳೆಯನೊಬ್ಬ ಹವಾನಾದಿಂದ ಸಿಗಾರುಗಳನ್ನು ತಂದುಕೊಟ್ಟಿದ್ದ. ಮೊದಲನೆಯದರಲ್ಲೇ ಅಮೋನಿಯಾದ ಘಾಟು ಗಂಟಲು ಹಿಡಿಯಿತು. ಉಳಿದವನ್ನು ಸ್ಪ್ಯಾನಿಷ್ ಸೆಡಾರ್ ಪೆಟ್ಟಿಗೆಯಲ್ಲಿ ಮಾಗಲು ಇಟ್ಟೆ. (ಹೆಸರಷ್ಟೇ ಸೆಡಾರ್, ಮರ ನಮ್ಮ ಬೇವಿನ ಕುಟುಂಬದ್ದು.) ತೇವಾಂಶ ಶೇ 65ರಿಂದ 70ರ ನಡುವೆ ನಿಂತರೆ ಎಲೆಯೊಳಗಿನ ಹುದುಗುವಿಕೆ ನಿಧಾನವಾಗಿ ಮುಂದುವರಿದು ಘಾಟು ಇಳಿಯುತ್ತದೆ. ಆದರೆ ಬೆಂಗಳೂರಿನ ಹವೆ ಸಹಕರಿಸಬೇಕಲ್ಲ! ಮಾರ್ಚ್‌ನಲ್ಲಿ ಎಲೆ ಒಣಗಿ ಬಿರಿಯುವ ಆತಂಕ, ಜುಲೈನಲ್ಲಿ ಬೂಷ್ಟಿನದು. ಸೆಕೆ ಏರಿದರೆ ಹೊಗೆಸೊಪ್ಪಿನ ಹುಳು ಮೊಟ್ಟೆಯೊಡೆದು ಬರುವ ಭಯ.

ಕಳೆದ ವರ್ಷ ನನ್ನ ಹೃದಯಕ್ಕೆ ಸ್ಟೆಂಟ್ ಅಳವಡಿಸಿದರು. ಮಾಗಿದ ಹೊಗೆಯೂ ಹೊಗೆಯೇ ಎಂದರು ವೈದ್ಯರು. ಯಾರಿಗಾದರೂ ಕೊಟ್ಟುಬಿಡಲು ಮನಸ್ಸು ಒಪ್ಪಲಿಲ್ಲ, ಅವರಿಗೂ ಹೃದಯವಿದೆಯಲ್ಲ. ಈಗಲೂ ಪ್ರತಿ ಭಾನುವಾರ ಮುಚ್ಚಳ ತೆರೆದು, ತೇವಮಾಪಕ ನೋಡಿ, ಒಮ್ಮೆ ಮೂಸಿ ಮುಚ್ಚುತ್ತೇನೆ. ಅನಂತರ ಮಡದಿ ಬಂದು ಎಣಿಸುತ್ತಾಳೆ.